ಫಾರೆಸ್ಟ್ರಿ ಮುಗಿಸಿ ಎಂಎಸ್ಸಿಗೆ ಹೊರದೇಶ: 15 ಲಕ್ಷದೊಳಗೆ ಯಾವ ದೇಶ?

ಪ್ರಶ್ನೆ: ಶಾಲ್ಮಲಾ_ದಂಡೆ (ಶಿರಸಿ)

ತಂಗಿ ಶಿರಸಿಯ ಅರಣ್ಯ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ ಫಾರೆಸ್ಟ್ರಿಯ ಕೊನೇ ವರ್ಷದಲ್ಲಿದ್ದಾಳೆ. ಒಜಿಪಿಎ (ಒಟ್ಟಾರೆ ಸರಾಸರಿ ಅಂಕ) 10ಕ್ಕೆ 8.0, ವಯಸ್ಸು 22. ಅರಣ್ಯ ವಿಷಯದಲ್ಲೇ ಎಂಎಸ್ಸಿಯನ್ನು ಹೊರದೇಶದಲ್ಲಿ, ಇಂಗ್ಲಿಷಿನಲ್ಲಿ ಮಾಡಬೇಕೆಂದಿದ್ದಾಳೆ. ಮನೆಯಲ್ಲಿ ಅಪ್ಪ, ಅಮ್ಮ, ನಾವಿಬ್ಬರು. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ, ಹಳೇ ಕಾಲದ ದೊಡ್ಡ ಮನೆ. ಖರ್ಚು ಕಳೆದು ವರ್ಷಕ್ಕೆ ಆರು ಲಕ್ಷದ ಆಸುಪಾಸು ಉಳಿಯುತ್ತದೆ. ಕೈಯಲ್ಲಿರುವುದು 5 ಲಕ್ಷ, ಸಾಲ ಸೇರಿಸಿದರೆ 15 ಲಕ್ಷದ ತನಕ ಹೋಗಬಹುದು.

ಹುಬ್ಬಳ್ಳಿಯ ಒಬ್ಬ ಕನ್ಸಲ್ಟೆಂಟ್ "ಜರ್ಮನಿ ಪೂರ್ತಿ ಫ್ರೀ, ನಮಗೆ ಒಂದೂವರೆ ಲಕ್ಷ ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇವೆ" ಅನ್ನುತ್ತಾರೆ. ಬೇರೆಯವರು ಇಟಲಿ ಅಂತಾರೆ, ನಾರ್ವೆ ಅಂತಾರೆ. ನಿಜವಾಗಿ ನಮ್ಮಂಥವರ ಕೈಗೆಟುಕುವುದು ಯಾವುದು? ತೋಟ ಅಡ ಇಟ್ಟು ಸಾಲ ಸಿಗುತ್ತದೆಯೇ? ಕಾರವಾರದಲ್ಲಿರುವ ಚಿಕ್ಕಪ್ಪನ ಮಗ ಈ ವರ್ಷ ಪಿಯುಸಿ ಮುಗಿಸುತ್ತಾನೆ, ಅವನೂ ಈಗಲೇ ಹೋಗಬಹುದೇ?

ಉತ್ತರ: ಕಾಡುಜಾಜಿ

ನಾರ್ವೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಯುರೋಪಿನ ಹೊರಗಿನವರಿಗೆ ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಬೋಧನಾ ಶುಲ್ಕ ಶುರುಮಾಡಿದವು. "ನಾರ್ಡಿಕ್ ದೇಶಗಳಲ್ಲಿ ಓದು ಉಚಿತ" ಎನ್ನುವ ವಿಡಿಯೋಗಳು ಅದಕ್ಕೂ ಹಿಂದಿನವು. ಅಲ್ಲಿ ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಯೋಚಿಸಬೇಕು.

ಇನ್ನು ಜರ್ಮನಿ. ಶುಲ್ಕ ಇಲ್ಲ ಎನ್ನುವುದು ಬಹುಪಾಲು ನಿಜ. ಖರ್ಚಿಲ್ಲ ಎನ್ನುವುದು ಸುಳ್ಳು. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಸೆಮಿಸ್ಟರಿಗೆ 100ರಿಂದ 400 ಯೂರೋದ ಒಂದು ವಂತಿಗೆ ಇರುತ್ತದೆ. ಹೆಚ್ಚಿನ ಕಡೆ ಬಸ್ಸು–ರೈಲಿನ ಪಾಸೂ ಅದರಲ್ಲೇ ಬರುತ್ತದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ಕೇಳುತ್ತದೆ. ಅರಣ್ಯಶಾಸ್ತ್ರಕ್ಕೆ ಹೆಸರಾದ ಫ್ರೈಬುರ್ಗ್ ಇರುವುದು ಆ ರಾಜ್ಯದಲ್ಲೇ, ಹಾಗಾಗಿ ಅದು ನಿಮಗೆ ವರ್ಷಕ್ಕೆ ಮೂರು ಲಕ್ಷ ಹೆಚ್ಚು ಬೀಳುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ಹೇಳುತ್ತಿದೆ. ನೀವು ನೋಡಬೇಕಾದವು ಗ್ಯೋಟಿಂಗೆನ್ ಮತ್ತು ಡ್ರೆಸ್ಡೆನ್. ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಅರಣ್ಯ ವಿಭಾಗ ಇರುವುದು ಪಕ್ಕದ ಥಾರಾಂಟ್ ಎಂಬ ಸಣ್ಣ ಊರಲ್ಲಿ, 1811ರಿಂದ ಅಲ್ಲಿ ಅರಣ್ಯ ಕಲಿಸುತ್ತಿದ್ದಾರೆ. ಎರಡೂ ಕಡೆ ಉಷ್ಣವಲಯದ ಅರಣ್ಯದ ಮೇಲೆ ಇಂಗ್ಲಿಷ್ ಮಾಸ್ಟರ್ಸ್ ಇದೆ. ಪಶ್ಚಿಮ ಘಟ್ಟದ ಕಾಡಲ್ಲಿ ಫೀಲ್ಡ್‌ವರ್ಕ್ ಮಾಡಿದವರಿಗೆ ಅದು ಹೇಳಿ ಮಾಡಿಸಿದ ವಿಷಯ. (ನಮ್ಮ ದೇಶದ ಅರಣ್ಯ ಇಲಾಖೆಯನ್ನು 1864ರಲ್ಲಿ ಕಟ್ಟಿ ನಿಲ್ಲಿಸಿದ ಡೀಟ್ರಿಶ್ ಬ್ರಾಂಡಿಸ್ ಕೂಡ ಜರ್ಮನರೇ. ಆ ನಂಟು ಹಳೆಯದು.)

ದುಡ್ಡಿನ ಲೆಕ್ಕ ಹೀಗೆ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು. ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಯೂರೋಗೆ 100 ರೂಪಾಯಿ ಹಿಡಿದರೆ 11.9 ಲಕ್ಷ. ಅದರ ಮೇಲೆ ಎಪಿಎಸ್ (ಜರ್ಮನಿಗೆ ಹೋಗುವವರ ಓದಿನ ದಾಖಲೆ ಪರಿಶೀಲಿಸುವ ಕೇಂದ್ರ) ಪ್ರಮಾಣಪತ್ರಕ್ಕೆ 18,000 ರೂಪಾಯಿ, ಐಇಎಲ್‌ಟಿಎಸ್‌ಗೆ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಷ್ಟೇ ಹತ್ತಿರ. ಯೂನಿ-ಅಸಿಸ್ಟ್ ಎಂಬ ಅರ್ಜಿ ಪರಿಶೀಲನಾ ಸಂಸ್ಥೆಯ ಮೂಲಕ ಅರ್ಜಿ ಹಾಕಿದರೆ ಮೊದಲನೆಯದಕ್ಕೆ 75, ನಂತರದ ಪ್ರತಿಯೊಂದಕ್ಕೆ 30 ಯೂರೋ. ವೀಸಾ ಶುಲ್ಕ 75 ಯೂರೋ. ವಿಮಾನಕ್ಕೆ ಐವತ್ತು ಸಾವಿರದ ಮೇಲೆ, ಕೋಣೆಯ ಮುಂಗಡ, ಮೊದಲ ಸೆಮಿಸ್ಟರಿನ ವಂತಿಗೆ. ಕೂಡಿಸಿದರೆ ಹೊರಡುವ ದಿನಕ್ಕೇ 14 ಲಕ್ಷ ಆಗುತ್ತದೆ. ಅಂದರೆ ನಿಮ್ಮ 15 ಲಕ್ಷ ಒಂದು ವರ್ಷದ ಜರ್ಮನಿಗೆ ಸರಿಯಾಗುತ್ತದೆ, ಎರಡು ವರ್ಷಕ್ಕಲ್ಲ.

ಎರಡನೇ ವರ್ಷ ವಾಸದ ಪರವಾನಗಿ ನವೀಕರಿಸುವಾಗ ಮತ್ತೆ ಹಣ ತೋರಿಸಬೇಕು. ಅಷ್ಟರಲ್ಲಿ ಕೆಲಸ ಹಿಡಿದಿದ್ದರೆ ಸಂಬಳದ ಕಾಗದವನ್ನೂ ಪರಿಗಣಿಸುತ್ತಾರೆ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ವಾರಕ್ಕೆ ಹತ್ತು ಗಂಟೆಯಾದರೆ ತಿಂಗಳಿಗೆ 600 ಯೂರೋ ಚಿಲ್ಲರೆ. ಆದರೆ ಇಂಗ್ಲಿಷಲ್ಲಿ ಓದುವವರಿಗೂ ಅಂಗಡಿ, ಹೋಟೆಲು, ಗೋದಾಮಿನ ಕೆಲಸಕ್ಕೆ ಜರ್ಮನ್ ಬೇಕು. ಈಗಿಂದಲೇ ಎ2 ಎಂಬ ಆರಂಭಿಕ ಮಟ್ಟದ ತನಕ ಕಲಿತು ಹೋದವರಿಗೂ ಬರಿಗೈಯಲ್ಲಿ ಹೋದವರಿಗೂ ಮೊದಲ ಆರು ತಿಂಗಳ ಗಳಿಕೆಯಲ್ಲಿ ದೊಡ್ಡ ಅಂತರ ಬೀಳುತ್ತದೆ. ನನ್ನ ಪ್ರಕಾರ ಕನ್ಸಲ್ಟೆಂಟಿಗೆ ಕೊಡುವ ಹಣದಲ್ಲಿ ಒಂದಂಶ ಭಾಷೆಗೆ ಹಾಕುವುದೇ ಒಳ್ಳೆಯದು.

992ರಲ್ಲಿ ಬದುಕಲಿಕ್ಕೆ ಆಗುತ್ತದೆ, ಊರು ಸರಿ ಆರಿಸಿದರೆ. ವಿದ್ಯಾರ್ಥಿ ಆರೋಗ್ಯ ವಿಮೆ 150ರ ಹತ್ತಿರ ಹೋಗುತ್ತದೆ. ಸ್ಟೂಡೆಂಟೆನ್‌ವೆರ್ಕ್ (ವಿದ್ಯಾರ್ಥಿ ಸೇವಾ ಸಂಸ್ಥೆ) ಹಾಸ್ಟೆಲು ಸಿಕ್ಕರೆ ಬಾಡಿಗೆ 300–350. ಪ್ರವೇಶ ಪತ್ರ ಬಂದ ದಿನವೇ ಹಾಸ್ಟೆಲಿಗೆ ಅರ್ಜಿ ಹಾಕಬೇಕು, ಸರತಿ ತಿಂಗಳುಗಟ್ಟಲೆ ಇರುತ್ತದೆ. ಮ್ಯೂನಿಕ್, ಫ್ರಾಂಕ್‌ಫರ್ಟ್‌ಗಳಲ್ಲಿ ಇದೇ ಹಣಕ್ಕೆ ಹೊರಗಿನ ಕೋಣೆಯ ಬಾಡಿಗೆಯೇ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ.

ಅಂಕದ ವಿಷಯವೂ ಇದೆ. ಅವರು ನಮ್ಮ ಅಂಕವನ್ನು ಒಂದು ಸೂತ್ರಕ್ಕೆ ಹಾಕುತ್ತಾರೆ: ಗರಿಷ್ಠದಿಂದ ನಿಮ್ಮದನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠ ಪಾಸಿನ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುವುದು. 8.0ಕ್ಕೆ ಕನಿಷ್ಠ ಪಾಸು 5 ಎಂದಾದರೆ 2.2 ಬರುತ್ತದೆ. ಕನಿಷ್ಠ 4 ಎಂದು ಹಿಡಿದರೆ 2.0. ಜರ್ಮನಿಯಲ್ಲಿ ಅಂಕ ಕಡಿಮೆಯಿದ್ದಷ್ಟು ಒಳ್ಳೆಯದು, 2.5ರ ಗಡಿ ಇಟ್ಟ ಕೋರ್ಸುಗಳು ಬಹಳ. ಆದ್ದರಿಂದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರುವಾಗಲೇ ಕನಿಷ್ಠ ಪಾಸಿನ ಒಜಿಪಿಎ ಎಷ್ಟೆಂದು ಬರೆದ ಒಂದು ಪತ್ರವನ್ನೂ, ಬೋಧನಾ ಮಾಧ್ಯಮ ಇಂಗ್ಲಿಷ್ ಎಂಬ ಪತ್ರವನ್ನೂ ಸಹಿ–ಮುದ್ರೆ ಸಮೇತ ತನ್ನಿ. ಪ್ರತಿ ವಿಷಯಕ್ಕೂ ಸಿಲೆಬಸ್ಸಿನ ಸಾರಾಂಶ ಇಟ್ಟುಕೊಳ್ಳಿ. ಸಿಲ್ವಿಕಲ್ಚರ್, ಮೆನ್ಸುರೇಶನ್, ಮಣ್ಣು, ಸಂಖ್ಯಾಶಾಸ್ತ್ರ ಎಷ್ಟೆಷ್ಟು ಕ್ರೆಡಿಟ್ ಎಂದು ಲೆಕ್ಕಹಾಕಿ ನೋಡುತ್ತಾರೆ.

ಉತ್ತರ: ಅಘನಾಶಿನಿ_ಅಳಿವೆ

ಕಾಡುಜಾಜಿಯವರು ಹೇಳಿದ 14 ಲಕ್ಷದ ಮಾತು ಮುಖ್ಯ. ದೇಶ ಅಗ್ಗವೋ ದುಬಾರಿಯೋ ಎನ್ನುವುದು ಬರೀ ಶುಲ್ಕದಿಂದ ತೀರ್ಮಾನವಾಗುವುದಿಲ್ಲ. ಹೊರಡುವ ಮೊದಲು ಎಷ್ಟು ಹಣ ಒಟ್ಟಿಗೆ ಬೇಕು, ಮನೆಯ ಕಾಗದಪತ್ರ ಏನು ಹೇಳುತ್ತದೆ ಎನ್ನುವುದರಿಂದ ತೀರ್ಮಾನವಾಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಮನೆಗೆ ಇಟಲಿ ಹೆಚ್ಚು ಹೊಂದುತ್ತದೆ, ಒಂದು ಎಚ್ಚರಿಕೆಯೊಂದಿಗೆ.

ಇಟಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡಿ ನಿಗದಿಯಾಗುತ್ತದೆ. ಪ್ರಾಂತೀಯ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕ ಮಾಫಿ, ಮೇಲೆ ವರ್ಷಕ್ಕೆ ಏಳು ಸಾವಿರ ಯೂರೋದ ಸುತ್ತಮುತ್ತ ಸಹಾಯ, ಅದರಲ್ಲೊಂದು ಭಾಗ ಊಟ–ವಸತಿಯ ರೂಪದಲ್ಲಿ. ಪ್ರಾಂತ ಪ್ರಾಂತಕ್ಕೆ ಮೊತ್ತ ಬೇರೆ. ಪಾದುವಾ ವಿಶ್ವವಿದ್ಯಾಲಯದಲ್ಲಿ ಫಾರೆಸ್ಟ್ ಸೈನ್ಸ್ ಮಾಸ್ಟರ್ಸ್ ಇಂಗ್ಲಿಷಿನಲ್ಲೇ ಇದೆ, ತರಗತಿ ನಡೆಯುವುದು ಹೊರವಲಯದ ಲೆನ್ಯಾರೊದ ಕೃಷಿ ಕ್ಯಾಂಪಸ್ಸಿನಲ್ಲಿ. ವೀಸಾಕ್ಕೆ ಆರೇಳು ಸಾವಿರ ಯೂರೋಗೆ ಸಮನಾದ ಹಣ ಖಾತೆಯಲ್ಲಿ ತೋರಿಸಿದರೆ ಆಯಿತು, ಜರ್ಮನಿಯಂತೆ ಬೇರೆ ದೇಶದ ಖಾತೆಯಲ್ಲಿ ಕಟ್ಟಿಡಬೇಕಿಲ್ಲ.

ಈಗ ಎಚ್ಚರಿಕೆ. ವಿದ್ಯಾರ್ಥಿವೇತನಕ್ಕೆ ಎರಡು ಗಡಿ ಇವೆ. ಒಂದು ಆದಾಯ ಪ್ರಧಾನವಾದ ಐಸೆಯೆ, ಅದರ ಮಿತಿ ಸುಮಾರು 28,000 ಯೂರೋ. ಇನ್ನೊಂದು ಬರೀ ಆಸ್ತಿಯ ಇಸ್ಪೆ, ಮಿತಿ ಸುಮಾರು 60,000. ಪ್ರಾಂತ ಇದಕ್ಕಿಂತ ಕಡಿಮೆಯನ್ನೂ ಇಡಬಹುದು. ಹೊರದೇಶದ ಸ್ಥಿರಾಸ್ತಿಯಲ್ಲಿ ಕಟ್ಟಡವನ್ನು ಮಾತ್ರ ಹಿಡಿಯುತ್ತಾರೆ, ಚದರ ಮೀಟರಿಗೆ 500 ಯೂರೋ ಎಂಬ ಒಂದೇ ದರದಲ್ಲಿ. ಮನೆ ಬೆಂಗಳೂರಿನಲ್ಲಿದೆಯೋ ಶಿರಸಿಯ ಹಳ್ಳಿಯಲ್ಲಿದೆಯೋ ಎಂದು ನೋಡುವುದಿಲ್ಲ. ತೋಟ ಲೆಕ್ಕಕ್ಕಿಲ್ಲ, ಮನೆ ಲೆಕ್ಕಕ್ಕಿದೆ. ನಮ್ಮ ಕಡೆಯ ಮನೆಗಳು ದೊಡ್ಡವು ಎನ್ನುವುದೇ ಇಲ್ಲಿನ ತೊಡಕು.

ನಿಮ್ಮ ಉದಾಹರಣೆಯನ್ನೇ ಹಿಡಿಯೋಣ, ಕಡಿತಗಳನ್ನು ಬದಿಗಿಟ್ಟು ಸ್ಥೂಲವಾಗಿ. ನಾಲ್ಕು ಜನರ ಕುಟುಂಬಕ್ಕೆ ಭಾಜಕ 2.46. ಮನೆ 200 ಚದರ ಮೀಟರ್, ಅಂದರೆ 2,150 ಚದರ ಅಡಿ ಇದ್ದರೆ ಬೆಲೆ 1,00,000 ಯೂರೋ. 2.46ರಿಂದ ಭಾಗಿಸಿದರೆ ಇಸ್ಪೆ 40,650, ಮಿತಿಯೊಳಗೆ. ಆದಾಯ 6,000 ಯೂರೋಗೆ ಆಸ್ತಿಯ ಶೇಕಡ 20 ಅಂದರೆ 20,000 ಕೂಡಿಸಿ ಭಾಗಿಸಿದರೆ ಐಸೆಯೆ 10,570, ಆರಾಮಾಗಿ ಒಳಗೆ. ಅದೇ ಮನೆ ಜಗಲಿ, ಮೆತ್ತು, ಕೊಟ್ಟಿಗೆ ಎಲ್ಲಾ ಸೇರಿ 350 ಚದರ ಮೀಟರ್ ಎಂದು ದಾಖಲೆಯಲ್ಲಿದ್ದರೆ ಬೆಲೆ 1,75,000, ಇಸ್ಪೆ 71,000 ದಾಟುತ್ತದೆ. ಐಸೆಯೆ 16,700 ಇದ್ದರೂ ವಿದ್ಯಾರ್ಥಿವೇತನ ಕೈತಪ್ಪುತ್ತದೆ. ಆದಾಯ ಕಡಿಮೆಯಿದ್ದೂ ಮನೆಯ ದೆಸೆಯಿಂದ ಹೊರಬೀಳುವವರು ಇರುವುದು ಹೀಗೆ.

ಆದ್ದರಿಂದ ಮೊದಲು ಮಾಡಬೇಕಾದ್ದು ಗ್ರಾಮ ಪಂಚಾಯತಿ ದಾಖಲೆಯಲ್ಲಿ ಮನೆಯ ಅಳತೆ ಎಷ್ಟೆಂದು ನೋಡುವುದು. ಮನೆ ದೊಡ್ಡಪ್ಪ–ಚಿಕ್ಕಪ್ಪಂದಿರ ಜತೆ ಜಂಟಿಯಾಗಿದ್ದು ನಿಮ್ಮ ಅಪ್ಪನ ಪಾಲು ಮೂರರಲ್ಲೊಂದಾದರೆ ಆ ಪಾಲು ಮಾತ್ರ ನಿಮ್ಮ ಲೆಕ್ಕಕ್ಕೆ. ಅದನ್ನು ತೋರಿಸಲು ನೋಂದಾಯಿತ ವಾಟ್ನಿ ಪತ್ರವೋ ಪಾಲು ನಮೂದಾದ ದಾಖಲೆಯೋ ಬೇಕು, ಬಾಯಿಮಾತಿನ ಹಿಸ್ಸೆ ನಡೆಯುವುದಿಲ್ಲ. ಇದ್ದ ಅಳತೆಯನ್ನೇ ಬರೆಯಿರಿ, ತಪ್ಪು ಮಾಹಿತಿ ಸಿಕ್ಕಿಬಿದ್ದರೆ ಕೊಟ್ಟದ್ದನ್ನೆಲ್ಲ ದಂಡದ ಸಮೇತ ವಸೂಲಿ ಮಾಡುತ್ತಾರೆ.

ಬೇಕಾಗುವ ಕಾಗದಗಳು: ನಾಡಕಚೇರಿಯಿಂದ ವಂಶವೃಕ್ಷ ಅಥವಾ ಕುಟುಂಬ ಸದಸ್ಯರ ಪ್ರಮಾಣಪತ್ರ, ಮನೆಯ ವಯಸ್ಕರೆಲ್ಲರ ಆದಾಯದ ದಾಖಲೆ (ಆದಾಯ ಇಲ್ಲದವರಿಗೆ ಇಲ್ಲ ಎಂಬ ದಾಖಲೆ), ಕಟ್ಟಡದ ಅಳತೆಯ ದಾಖಲೆ, ಡಿಸೆಂಬರ್ 31ಕ್ಕೆ ಎಲ್ಲರ ಬ್ಯಾಂಕ್ ಖಾತೆಯಲ್ಲಿದ್ದ ಹಣದ ದಾಖಲೆ. ಸೊಸೈಟಿಯಲ್ಲಿರುವ ಠೇವಣಿಯೂ ಇದರಲ್ಲಿ ಬರುತ್ತದೆ, ಬಹಳ ಜನ ಮರೆಯುವುದು ಅದನ್ನೇ. ಎಲ್ಲವನ್ನೂ ರಾಜ್ಯ ಮಟ್ಟದಲ್ಲಿ ದೃಢೀಕರಿಸಿ, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಹೊರದೇಶದಲ್ಲಿ ಮಾನ್ಯವಾಗುವ ದೃಢೀಕರಣ) ಮಾಡಿಸಿ, ಇಟಾಲಿಯನ್‌ಗೆ ಅನುವಾದ ಮಾಡಿಸಬೇಕು. ಕನ್ನಡದ ಮೂಲ ಪ್ರತಿ ಇದ್ದರೆ ಮೊದಲು ಇಂಗ್ಲಿಷು, ಆಮೇಲೆ ಇಟಾಲಿಯನ್ ಎಂದು ಎರಡು ಹಂತವಾಗಿ ದುಡ್ಡೂ ದಿನವೂ ಹೋಗುತ್ತವೆ. ಇಂಗ್ಲಿಷಿನಲ್ಲೇ ಸಿಗುವ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲೇ ಕೇಳಿ ಪಡೆಯಿರಿ. ಈ ಇಡೀ ಕೆಲಸಕ್ಕೆ ಎರಡು ತಿಂಗಳು ಬೇಕು. ಮಳೆಗಾಲಕ್ಕೆ ಮೊದಲೇ ಶುರುಮಾಡಿ, ಏಕೆಂದರೆ ವಿದ್ಯಾರ್ಥಿವೇತನದ ಅರ್ಜಿ ತೆರೆಯುವುದು ಸಾಮಾನ್ಯವಾಗಿ ಜುಲೈ ಸುಮಾರಿಗೆ.

ಹಣ ಬರುವ ಕಾಲವನ್ನೂ ತಿಳಿದಿರಿ. ಮೊದಲ ಕಂತು ಹೆಚ್ಚಾಗಿ ವರ್ಷಾಂತ್ಯಕ್ಕೆ. ಸೆಪ್ಟೆಂಬರಿನಿಂದ ಅಲ್ಲಿಯವರೆಗೆ ಕೈಯಿಂದಲೇ ಸಾಗಿಸಬೇಕು, ಮೂರೂವರೆ ನಾಲ್ಕು ಲಕ್ಷ ಇರಲಿ. ಬಹುತೇಕ ಪ್ರಾಂತಗಳಲ್ಲಿ ಮೊದಲ ವರ್ಷದ ಆಗಸ್ಟ್ 10ರೊಳಗೆ 20 ಕ್ರೆಡಿಟ್ ಗಳಿಸದಿದ್ದರೆ ಎರಡನೇ ಕಂತು ನಿಲ್ಲುತ್ತದೆ, ನವೆಂಬರ್ 30 ದಾಟಿದರೆ ಮೊದಲನೆಯದನ್ನೂ ವಾಪಸ್ ಕೇಳುತ್ತಾರೆ. ಹಾಗಾಗಿ ಜನವರಿ–ಫೆಬ್ರವರಿಯ ಪರೀಕ್ಷೆಯಲ್ಲೇ ಎರಡು ವಿಷಯ ಮುಗಿಸಿಕೊಳ್ಳಬೇಕು. ತಲುಪಿ ಎಂಟು ದಿನದೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕುವುದನ್ನು ಮರೆಯಬಾರದು. ದುಡಿಮೆಗೆ ವಾರಕ್ಕೆ 20 ಗಂಟೆ, ವರ್ಷಕ್ಕೆ 1,040 ಗಂಟೆ ಮಿತಿ. ಆದರೆ ಪಾದುವಾದಂಥ ಊರಲ್ಲಿ ಇಟಾಲಿಯನ್ ಬಾರದವರಿಗೆ ಕೆಲಸ ಸಿಗುವುದು ಜರ್ಮನಿಗಿಂತ ಕಷ್ಟ, ಅದನ್ನು ನಂಬಿ ಹೋಗಬೇಡಿ.

ಉತ್ತರ: ಪಹಣಿ_ಪುಸ್ತಕ

ಸಾಲದ ಪ್ರಶ್ನೆಗೆ. ಸೊಪ್ಪಿನ ಬೆಟ್ಟವನ್ನು ಮರೆತುಬಿಡಿ. ಅದು ಅರಣ್ಯ ಭೂಮಿ, ನಿಮಗಿರುವುದು ಸೊಪ್ಪು–ದರಕಿನ (ಒಣ ಎಲೆ) ಸವಲತ್ತು ಮಾತ್ರ, ಒಡೆತನವಲ್ಲ. ಅದನ್ನು ಅಡ ಇಡಲಿಕ್ಕೆ ಬರುವುದಿಲ್ಲ.

ತೋಟ ನಿಮ್ಮದೇ ಪಹಣಿಯಲ್ಲಿದ್ದರೂ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಹಿಂಜರಿಯುತ್ತವೆ. ಕಾರಣ ಸಾಲ ವಸೂಲಿಗಿರುವ ಸರ್ಫೇಸಿ ಕಾಯಿದೆಯ 31ನೇ ಕಲಮು: ಕೃಷಿ ಭೂಮಿಯನ್ನು ಆ ಕಾಯಿದೆಯಡಿ ಬ್ಯಾಂಕು ನೇರವಾಗಿ ವಶಪಡಿಸಿಕೊಳ್ಳುವಂತಿಲ್ಲ. ತೋಟದ ಮೇಲೆ ಈಗಾಗಲೇ ಬೆಳೆಸಾಲದ ಬೋಜಾ ಇದ್ದರಂತೂ ಮಾತೇ ಬೇಡ. ಬ್ಯಾಂಕು ಒಪ್ಪುವುದು ಮನೆ, ಭೂ ಪರಿವರ್ತನೆ ಆದ ನಿವೇಶನ, ಠೇವಣಿ, ಎಲ್‌ಐಸಿ ಪಾಲಿಸಿ. ಹಳ್ಳಿಯ ಮನೆಯಾದರೆ ಇ-ಸ್ವತ್ತು ನಮೂನೆ 9 ಮತ್ತು 11ಎ ಇರಬೇಕು. ಬಹಳ ಮನೆಗಳು ತೋಟದ ಸರ್ವೆ ನಂಬರಿನೊಳಗೇ, ಪರಿವರ್ತನೆ ಆಗದ ಜಾಗದಲ್ಲಿ ನಿಂತಿರುತ್ತವೆ. ಸಾಲದ ಅರ್ಜಿ ತಿಂಗಳುಗಟ್ಟಲೆ ನಿಲ್ಲುವುದು ಅಲ್ಲೇ. ತಹಶೀಲ್ದಾರ್ ಕಚೇರಿ ಸುತ್ತುವ ಕೆಲಸವನ್ನು ಪ್ರವೇಶ ಪತ್ರ ಬರುವ ತನಕ ಮುಂದೂಡಬೇಡಿ.

ಸರಕಾರಿ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದ ತನಕ ಆಧಾರ ಬೇಡ, 7.5 ಲಕ್ಷದ ತನಕ ಇನ್ನೊಬ್ಬರ ಜಾಮೀನು, ಅದರ ಮೇಲೆ ಆಸ್ತಿ. ಹೊರದೇಶದ ಓದಿಗೆ ಶೇಕಡ 15 ನೀವು ಹಾಕಬೇಕು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ, ಆದರೆ ಬಡ್ಡಿ ಮೊದಲ ದಿನದಿಂದ ಏರುತ್ತದೆ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಮುಂದಿನ ಹೊರೆ ಎಷ್ಟೋ ಕಡಿಮೆ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಸಂಸ್ಥೆಗಳಿಗೆ ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಜರ್ಮನಿಗೆ ಸಾಲ ಕೇಳುವಾಗ ಒಂದು ಗಂಟು ಬೀಳುತ್ತದೆ. ಶುಲ್ಕವೇ ಇಲ್ಲದ ಪ್ರವೇಶ ಪತ್ರ ನೋಡಿ ಶಾಖೆಯವರು "ಸಾಲ ಯಾವುದಕ್ಕೆ?" ಎನ್ನುತ್ತಾರೆ. ಮತ್ತೆ ಕೆಲವು ಬ್ಯಾಂಕುಗಳು ವೀಸಾ ಬಂದ ಮೇಲೆ ಹಣ ಬಿಡುತ್ತವೆ, ವೀಸಾಕ್ಕೋ ಮೊದಲೇ ಬ್ಲಾಕ್ಡ್ ಅಕೌಂಟ್ ತುಂಬಿರಬೇಕು. ಆದ್ದರಿಂದ ಜೀವನ ವೆಚ್ಚಕ್ಕೆ ಸಾಲ ಕೊಡುತ್ತೀರಾ, ವೀಸಾಕ್ಕೆ ಮುಂಚೆ ಬ್ಲಾಕ್ಡ್ ಅಕೌಂಟಿಗೆ ಕಳಿಸುತ್ತೀರಾ ಎಂಬ ಎರಡನ್ನೂ ಅರ್ಜಿಗೆ ಮೊದಲೇ ಕೇಳಿ, ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ ಎಂದು ರಿಟರ್ನ್ ಹಾಕದವರು ಬಹಳ. ಬ್ಯಾಂಕಿಗೂ ವೀಸಾಕ್ಕೂ ಇಟಲಿಯ ವಿದ್ಯಾರ್ಥಿವೇತನಕ್ಕೂ ಆದಾಯದ ದಾಖಲೆ ಬೇಕು. ಕೃಷಿ ಆದಾಯ ನಮೂದಿಸಿ ರಿಟರ್ನ್ ಹಾಕಿ, ಸೊಸೈಟಿಯ ವಿಕ್ರಿ ಪಟ್ಟಿ ಮತ್ತು ಖಾತೆ ಉತಾರ ಜೋಡಿಸಿಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಒಂದು ಲಕ್ಷ, ರಿಟರ್ನಿನಲ್ಲಿ ಆರು ಲಕ್ಷ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಲ್ಲ ಕಡೆ ಒಂದೇ ಅಂಕಿ ಇರಬೇಕು.

ಹಣ ಕಳಿಸುವಾಗ ಒಬ್ಬರ ಪ್ಯಾನಿನಲ್ಲಿ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ. ಬ್ಯಾಂಕ್ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದಿಲ್ಲ. ಸ್ವಂತ ಹಣವಾದರೆ ಅಪ್ಪನ ಖಾತೆಯಿಂದ ಒಂದಿಷ್ಟು, ಅಮ್ಮನ ಖಾತೆಯಿಂದ ಒಂದಿಷ್ಟು ಕಳಿಸಬಹುದು. ಹಿಡಿದದ್ದು ರಿಟರ್ನ್ ಹಾಕಿದಾಗ ವಾಪಸ್ ಸಿಗುತ್ತದೆ, ಆದರೆ ಹೊರಡುವ ಹೊತ್ತಿಗೆ ಆ ಹಣ ಕೈಯಲ್ಲಿರುವುದಿಲ್ಲ.

ಮರುಪ್ರಶ್ನೆ: ಶಾಲ್ಮಲಾ_ದಂಡೆ

ಬಹಳ ಉಪಕಾರ. ಪಂಚಾಯತಿ ದಾಖಲೆ ನೋಡಿದೆ, ಮನೆ 190 ಚದರ ಮೀಟರ್ ಎಂದಿದೆ, ಕೊಟ್ಟಿಗೆ ಬೇರೆ. ಆಸ್ಟ್ರಿಯಾ ಹೇಗೆ? ಆ ಕನ್ಸಲ್ಟೆಂಟ್ ಕೊಟ್ಟ ಪಟ್ಟಿಯಲ್ಲಿ ಬರ್ಲಿನ್ನಿನ ಮೂರು ವಿಶ್ವವಿದ್ಯಾಲಯ ಇವೆ, ಒಂದರಲ್ಲೂ ಫಾರೆಸ್ಟ್ರಿ ಕಾಣುತ್ತಿಲ್ಲ, "ಸಸ್ಟೇನಬಿಲಿಟಿ ಮ್ಯಾನೇಜ್‌ಮೆಂಟ್" ಎಂದಿದೆ.

ಉತ್ತರ: ಕಾಡುಜಾಜಿ

ಆ ಮೂರರ ಹೆಸರನ್ನು ಹೋಖ್‌ಶೂಲ್‌ಕೊಂಪಾಸ್ ಎಂಬ ಅಧಿಕೃತ ತಾಣದಲ್ಲಿ ಹಾಕಿ ನೋಡಿ. ಸರಕಾರಿಯೋ ಖಾಸಗಿಯೋ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಖಾಸಗಿಯಾದರೆ ವರ್ಷಕ್ಕೆ ಹತ್ತು ಸಾವಿರ ಯೂರೋದ ಮೇಲೆ ಶುಲ್ಕ ಇರುವುದು ಮಾಮೂಲು. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಕಮಿಷನ್ ಕೊಡುವುದು ಖಾಸಗಿಯವರು. ಸರಕಾರಿ ವಿಶ್ವವಿದ್ಯಾಲಯದ ಅರ್ಜಿಗೆ ಮಧ್ಯವರ್ತಿ ಬೇಕಿಲ್ಲ, ಅದರಿಂದ ಅವರಿಗೆ ಲಾಭವೂ ಇಲ್ಲ, ಹಾಗಾಗಿ ಪಟ್ಟಿಯಲ್ಲಿ ಅವು ಇರುವುದಿಲ್ಲ. ಯಾರ ಸಹಾಯ ಪಡೆದರೂ ಅರ್ಜಿಯ ಇಮೇಲ್ ಮತ್ತು ಪಾಸ್‌ವರ್ಡ್ ತಂಗಿಯ ಕೈಯಲ್ಲೇ ಇರಲಿ. ಮಧ್ಯವರ್ತಿಯ ಇಮೇಲಿನಿಂದ ಅರ್ಜಿ ಹೋದರೆ ಪ್ರವೇಶ ಪತ್ರ ಬಂದದ್ದೂ ತಿರಸ್ಕಾರವಾದದ್ದೂ ನಿಮಗೆ ಗೊತ್ತಾಗುವುದಿಲ್ಲ.

ಆಸ್ಟ್ರಿಯಾ ಒಳ್ಳೆಯ ಆಯ್ಕೆ, ಅವಳ ವಯಸ್ಸಿನ ಕಾರಣಕ್ಕೆ. ವಿಯೆನ್ನಾದ ಬೋಕು ವಿಶ್ವವಿದ್ಯಾಲಯದಲ್ಲಿ ಬೆಟ್ಟದ ಕಾಡುಗಳ ಮೇಲೆ ಇಂಗ್ಲಿಷ್ ಮಾಸ್ಟರ್ಸ್ ಇದೆ. ನಮ್ಮವರಿಗೆ ಶುಲ್ಕ ಸೆಮಿಸ್ಟರಿಗೆ 726.72 ಯೂರೋ, ಮೇಲೆ ವಿದ್ಯಾರ್ಥಿ ಸಂಘದ ಸಣ್ಣ ವಂತಿಗೆ. ವಾಸದ ಪರವಾನಗಿಗೆ ತೋರಿಸಬೇಕಾದ ಹಣ 24 ವರ್ಷದ ಒಳಗಿದ್ದರೆ 2025ರಲ್ಲಿ ತಿಂಗಳಿಗೆ 703 ಯೂರೋ, ದಾಟಿದರೆ 1,273 ಇತ್ತು. ಪ್ರತಿ ವರ್ಷ ಸ್ವಲ್ಪ ಏರುತ್ತದೆ. ಈಗ 22 ಆಗಿರುವುದರಿಂದ ಮೊದಲ ವರ್ಷ ಜರ್ಮನಿಗಿಂತ ಕಡಿಮೆ ಮೊತ್ತ ಸಾಕು, ಆದರೆ ನವೀಕರಣದ ಹೊತ್ತಿಗೆ 24 ತುಂಬುತ್ತದೆಯೇ ಎಂದು ಜನ್ಮದಿನಾಂಕ ಹಿಡಿದು ಲೆಕ್ಕ ಹಾಕಿ. ಅಲ್ಲಿ ಕೆಲಸಕ್ಕೆ ವಾರಕ್ಕೆ 20 ಗಂಟೆ, ಅದಕ್ಕೂ ಮಾಲಿಕ ಮೊದಲು ಅನುಮತಿ ಪಡೆಯಬೇಕು. ಹಾಗಾಗಿ ಮಾಲಿಕರು ಅಷ್ಟು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ.

ಮನೆ 190 ಚದರ ಮೀಟರ್ ಎಂದಾದರೆ ಇಟಲಿಯನ್ನು ಮೊದಲಿಗೆ, ಡ್ರೆಸ್ಡೆನ್–ಗ್ಯೋಟಿಂಗೆನ್ ಎರಡನೆಯದಾಗಿ, ಬೋಕು ಮೂರನೆಯದಾಗಿ ಇಡುತ್ತೇನೆ. ಕೊಟ್ಟಿಗೆ ದಾಖಲೆಯಲ್ಲಿ ಕಟ್ಟಡವೆಂದೇ ಇದ್ದರೆ ಅದನ್ನೂ ತೋರಿಸಬೇಕು, ಸೇರಿಸಿ ಲೆಕ್ಕ ಹಾಕಿ. ನಾಲ್ಕೂ ಕಡೆ ಅರ್ಜಿ ಹಾಕಿ. ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಎಂದು ಎಲ್ಲರೂ ಹೇಳುತ್ತಾರೆ, ಹೊರದೇಶದವರಿಗೆ ತೆರೆದ ಮಾಸ್ಟರ್ಸ್‌ಗಳು ಎಷ್ಟೋ ಮಾರ್ಚ್–ಮೇ ಒಳಗೇ ಮುಚ್ಚುತ್ತವೆ.

ವೀಸಾ ತಿರಸ್ಕಾರವಾದರೆ ಮರುಪರಿಶೀಲನೆಗೆ ಪತ್ರ ಬರೆಯುವ ಹಳೇ ದಾರಿ ಜರ್ಮನಿಯಲ್ಲಿ 2025ರ ಜುಲೈ 1ರಿಂದ ಇಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯ. ಆದ್ದರಿಂದ ಮೊದಲ ಅರ್ಜಿಯೇ ಗಟ್ಟಿಯಾಗಿರಲಿ. "ಯಾಕೆ ಈ ಕೋರ್ಸು" ಎಂಬ ಪತ್ರದಲ್ಲಿ ಶಿರಸಿಯ ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟ್, ಯಾವ ಕಾಡು, ಯಾವ ಜಾತಿಯ ಮರ, ಯಾವ ವಿಧಾನ ಎಂದು ನೇರವಾಗಿ ಬರೆಯಲಿ.

ಉತ್ತರ: ಕಾಳಿ_ಸಂಗಮ (ಕಾರವಾರ)

ಚಿಕ್ಕಪ್ಪನ ಮಗನ ಬಗ್ಗೆ. ಬರೀ ಪಿಯುಸಿ ಮೇಲೆ ಜರ್ಮನಿಯಲ್ಲಿ ನೇರ ಬ್ಯಾಚುಲರ್ಸ್ ಸಿಗುವುದಿಲ್ಲ. ದಾರಿ ಮೂರು: ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದರೆ ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ, ಇಲ್ಲಿ ಮಾನ್ಯ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಯಶಸ್ವಿಯಾಗಿ ಮುಗಿಸಿದರೆ ಅದೇ ವಿಷಯಕ್ಕೆ, ಇಲ್ಲವೇ ಅಲ್ಲಿ ಸ್ಟೂಡಿಯೆನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವ ತರಗತಿ. ಆ ತರಗತಿಗೆ ಸೇರಲು ಬಿ1 ಅಥವಾ ಬಿ2 (ಮಧ್ಯಮ) ಮಟ್ಟದ ಜರ್ಮನ್ ಬೇಕು, ಮತ್ತೆ ಪ್ರವೇಶ ಪರೀಕ್ಷೆ. ಸರಕಾರಿ ಬ್ಯಾಚುಲರ್ಸ್‌ಗಳು ಬಹುಪಾಲು ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ. ಕಾರವಾರದಲ್ಲೋ ಧಾರವಾಡದಲ್ಲೋ ಮೊದಲ ವರ್ಷ ಓದುತ್ತಾ ಭಾಷೆ ಕಲಿಯುವುದೇ ಖರ್ಚು ಕಡಿಮೆಯ ದಾರಿ. 18ಕ್ಕೇ ಮೂರು ವರ್ಷದ ಹೊರೆ ಹೊರುವ ಬದಲು ಇಲ್ಲಿ ಪದವಿ ಮುಗಿಸಿ ಮಾಸ್ಟರ್ಸ್‌ಗೆ ಹೋಗಲಿ ಎಂದೇ ನಾನು ಹೇಳುವುದು.

ಅವನು "ಅಗ್ಗದ ಎಂಬಿಬಿಎಸ್" ಎಂದು ಹೊರಟಿದ್ದರೆ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಓದಲಿ: ನೀಟ್ ಅರ್ಹತೆ, ಕನಿಷ್ಠ 54 ತಿಂಗಳ ಓದು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲೇ ವೈದ್ಯನಾಗಿ ನೋಂದಾಯಿಸಿಕೊಳ್ಳುವ ಅರ್ಹತೆ. ಒಂದು ತಪ್ಪಿದರೂ ಇಲ್ಲಿ ಪರವಾನಗಿ ಸಿಗುವುದಿಲ್ಲ.

ಇಟಲಿಯದ್ದು ಬಿಟ್ಟರೆ ಬೇರೆ ವಿದ್ಯಾರ್ಥಿವೇತನಗಳನ್ನು ಯಾರೂ ಹೇಳಲಿಲ್ಲ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವೂ ಇಲ್ಲ, ತಿಂಗಳಿಗೆ 1,400 ಯೂರೋ ಕೈಗೆ. ಅರಣ್ಯಕ್ಕೂ ಇಂಥ ಜಂಟಿ ಕೋರ್ಸುಗಳಿವೆ, ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದವರಿಗೂ ಇವೆ. ಅರ್ಜಿಯ ಕಾಲ ಅಕ್ಟೋಬರಿನಿಂದ ಜನವರಿ, ಅಂದರೆ ಓದು ಶುರುವಾಗುವುದಕ್ಕೆ ತಿಂಗಳುಗಟ್ಟಲೆ ಮೊದಲು. ಡಾಡ್‌ನ (ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ) ಅಭಿವೃದ್ಧಿ ಸಂಬಂಧಿ ವಿದ್ಯಾರ್ಥಿವೇತನಕ್ಕೆ ಪದವಿ ನಂತರ ಎರಡು ವರ್ಷದ ಕೆಲಸದ ಅನುಭವ ಬೇಕು. ತಂಗಿ ಇಲ್ಲೇ ಅರಣ್ಯ ಸಂಬಂಧಿ ಕೆಲಸಕ್ಕೆ ಸೇರಿ ಎರಡು ವರ್ಷ ಬಿಟ್ಟು ಹೋಗುವುದಾದರೆ ಅದೂ ಒಂದು ದಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮತ್ತು ರಾಜ್ಯದ ಪ್ರಬುದ್ಧ ಯೋಜನೆ ಇವೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅಲ್ಪಸಂಖ್ಯಾತರಿಗೆ ರಾಜ್ಯದ ನಿಗಮದಿಂದ ಹೊರದೇಶದ ಓದಿಗೆ ಸಾಲ ಇದೆ, ಭಟ್ಕಳ, ಹೊನ್ನಾವರದ ಕಡೆಯವರು ಕೇಳಿ ನೋಡಬೇಕು.

ಕೊನೆಗೆ ಹೆಸರಿನ ವಿಷಯ, ಇದರಿಂದ ಕೆಟ್ಟ ಅರ್ಜಿಗಳು ಕಡಿಮೆಯಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪದವಿಯಲ್ಲಿ ತಂದೆಯ ಹೆಸರು, ಆಧಾರಿನಲ್ಲಿ ಹೆಗಡೆ, ಭಟ್ಟ, ನಾಯ್ಕ ಎಂಬ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಎಪಿಎಸ್‌ನವರು ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಇನಿಶಿಯಲ್ ಬಿಡಿಸಿ ಬರೆದು, ಸರ್‌ನೇಮ್ ಕಾಲಂ ತುಂಬಿಸಿಯೇ ಮಾಡಿಸಿ. ಮಾಡಿಸಿ ಆಗಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿ ಮಾಡಿಸಿ ಕಡತಕ್ಕೆ ಸೇರಿಸಿ. ಎಪಿಎಸ್‌ಗೆ ಮೊದಲು ಆನ್‌ಲೈನ್ ನೋಂದಣಿ, ಶುಲ್ಕ, ಆಮೇಲೆ ಸಹಿ ಮಾಡಿದ ಅರ್ಜಿಯ ಜತೆ ಪ್ರತಿಗಳು ದೆಹಲಿಗೆ ಕೊರಿಯರ್. ಒಂದು ಹಾಳೆ ಕಮ್ಮಿಯಾದರೂ ಸರತಿ ಹಿಂದಕ್ಕೆ ಹೋಗುತ್ತದೆ, ಅರ್ಜಿಯ ಕಾಲದಲ್ಲಿ ವಾರಗಟ್ಟಲೆ ಕಾಯಬೇಕು. ಪ್ರವೇಶ ಪತ್ರಕ್ಕೆ ಕಾಯದೆ ಇದನ್ನು ಮೊದಲೇ ಕಳಿಸಿ, ಕಳಿಸುವ ಮುನ್ನ ಪ್ರತಿ ಹಾಳೆಯ ಸ್ಕ್ಯಾನ್ ತೆಗೆದಿಟ್ಟುಕೊಳ್ಳಿ.